ಮಾದಯ್ಯಣ್ಣ ಎಚ್ಚರವಿದ್ದ ಬೋಗಿ

ನಿದ್ದೆ ಹೋದವರನ್ನು ಎಬ್ಬಿಸುವುದರಲ್ಲಿ ಮಾದಯ್ಯಣ್ಣನಷ್ಟು ನಾಜೂಕಾದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಗಂಡಸರಾದರೆ ಹೆಗಲ ಮೇಲೆ ಎರಡು ಬೆರಳಿಟ್ಟು ಸುಮ್ಮನೆ ನಿಲ್ಲುತ್ತಿದ್ದರು. ಅಲುಗಿಸುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಆ ಎರಡು ಬೆರಳಿನ ಭಾರಕ್ಕೇ ಮನುಷ್ಯ ಕಣ್ಣು ಬಿಡಬೇಕು, ಬಿಡುತ್ತಿದ್ದ. ಹೆಂಗಸರಾದರೆ ಮುಟ್ಟುವ ಮಾತೇ ಇಲ್ಲ; ಕಿಟಕಿಯ ಸರಳಿನ ಮೇಲೆ ಛತ್ರಿಯ ಹಿಡಿಯಿಂದ ಮೆಲ್ಲಗೆ ಎರಡು ಸಲ ತಟ್ಟುತ್ತಿದ್ದರು. ಓಮಲೂರಿನಲ್ಲಿ ಇಳಿಯುವ ಒಬ್ಬ ಟೀಚರಮ್ಮನಿಗೆ ಅಷ್ಟೂ ಬೇಕಿರಲಿಲ್ಲ, ಎದುರಿಗೆ ನಿಂತು ಗಂಟಲು ಸರಿಮಾಡಿಕೊಂಡರೆ ಸಾಕು. ಇನ್ನೊಬ್ಬ ಪೊಲೀಸಿನವನಿದ್ದ. ನಿದ್ದೆಗಣ್ಣಿನಲ್ಲಿ ಕೈ ಬೀಸಿಬಿಡುವ ಅಭ್ಯಾಸ ಅವನದು. ಅವನನ್ನು ಮಾತ್ರ ಎರಡು ಸೀಟು ಆಚೆಯಿಂದ ಹೆಸರು ಹಿಡಿದು ಕರೆಯುತ್ತಿದ್ದರು.

ಯಾಕಣ್ಣ ಇಷ್ಟೆಲ್ಲ ನೇಮ ಎಂದು ಒಮ್ಮೆ ಕೇಳಿದ್ದೆ. ಅವರು ಹೇಳಿದ್ದು ಈಗಲೂ ಕಿವಿಯಲ್ಲಿದೆ. "ನೆಮ್ದಿಯಾಗಿ ಮಲಗಿರೋ ಜೀವ ಗಾಬರಿ ಬಿದ್ದು ಏಳಬಾರ್ದು ಕಣವ್ವ. ಎದ್ದಾಗ ಮೊಕ ಎಂಗಿರ್ತದೋ ಸಾಯಂಕಾಲದವರ್ಗೂ ಅಂಗೇ ಇರ್ತದೆ."

ಧರ್ಮಪುರಿ ಕಡೆಯಿಂದ ಬೆಳಿಗ್ಗೆ ಸೇಲಂಗೆ ಹೋಗುವ ಪ್ಯಾಸೆಂಜರ್ ರೈಲು ನಮ್ಮದು. ನಾನು ಹತ್ತುವುದು ಶಿವಾಡಿಯಲ್ಲಿ. ನಲ್ಲಂಪಳ್ಳಿಯ ನಮ್ಮ ಮನೆಯಿಂದ ಗಂಡ ಬೈಕಿನಲ್ಲಿ ತಂದು ಬಿಡುತ್ತಾರೆ. ತವರು ಕೊಳ್ಳೇಗಾಲದ ಕಡೆಯ ಹಳ್ಳಿ. ಕನ್ನಡ ಶಾಲೆಯಲ್ಲಿ ಓದಿ, ಔಷಧಿಯ ಡಿಪ್ಲೊಮಾ ಮುಗಿಸಿ, ಮದುವೆಯಾಗಿ ಈ ಕಡೆಗೆ ಬಂದವಳು ನಾನು. ಸೇಲಂನ ಒಂದು ಖಾಸಗಿ ಆಸ್ಪತ್ರೆಯ ಔಷಧಿ ಅಂಗಡಿಯಲ್ಲಿ ಕೆಲಸ ಸಿಕ್ಕಿದಾಗ ಮಗಳಿಗೆ ಮೂರು ವರ್ಷ. ನಸುಕಿಗೇ ಎದ್ದು ಅಡುಗೆ ಮುಗಿಸಿ, ಅವಳನ್ನು ಅತ್ತೆಯ ಮಗ್ಗುಲಿಗೆ ಸರಿಸಿ, ರೈಲು ಹತ್ತಿ ಕೂತರೆ ತೊಪ್ಪೂರಿನ ಗುಡ್ಡಗಳು ಬರುವ ಮೊದಲೇ ಕಣ್ಣು ಕೂರುತ್ತಿತ್ತು. ಆ ಬೋಗಿಯಲ್ಲಿ ನನ್ನಂಥವರೇ ಹೆಚ್ಚು. ಹೊಸೂರಿನಿಂದಲೇ ತೂಗಿಕೊಂಡು ಬರುತ್ತಿದ್ದವರು, ಧರ್ಮಪುರಿಯಲ್ಲಿ ಹತ್ತಿ ಕೂತ ಕೂಡಲೇ ತಲೆ ವಾಲಿಸುತ್ತಿದ್ದವರು. ಅವರ ನಡುವೆ ಬಾಗಿಲ ಪಕ್ಕದ ಸೀಟಿನಲ್ಲಿ ಛತ್ರಿಯನ್ನು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು, ಬಿಳಿ ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡು, ಮಾದಯ್ಯಣ್ಣ ಒಬ್ಬರೇ ನೆಟ್ಟಗೆ ಕೂತಿರುತ್ತಿದ್ದರು.

ನಾನು ಅವರನ್ನು ಕಂಡದ್ದು ಕೆಲಸಕ್ಕೆ ಸೇರಿದ ಮೊದಲ ವಾರ. ಅವತ್ತು ರೈಲಿನಲ್ಲಿ ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿದ್ದೆ. ಸುತ್ತಲೂ ತಮಿಳು ಮಾತಾಡುವವರು ಇದ್ದಾಗ ಕನ್ನಡದಲ್ಲಿ ಮಾತಾಡಲು ಏನೋ ಸಂಕೋಚ, ತಾನಾಗೇ ದನಿ ತಗ್ಗುತ್ತದೆ. ಮಾತು ಮುಗಿಸಿ ಕಿಟಕಿಗೆ ತಲೆ ಆನಿಸಿದ್ದಷ್ಟೇ ಗೊತ್ತು. ಆಮೇಲೆ ಸರಳಿನ ಮೇಲೆ ಟಕ್ ಟಕ್ ಎಂದ ಸದ್ದು. ಅದರ ಹಿಂದೆಯೇ, "ಎದ್ದೇಳವ್ವ, ಸೇಲಂ ಬಂತು" ಎಂಬ ದನಿ. ಕಣ್ಣು ಬಿಡುವ ಆ ಒಂದು ಗಳಿಗೆ ನಾನು ತವರು ಮನೆಯ ಹಜಾರದಲ್ಲಿದ್ದೆ. ಯಾರೋ ದೊಡ್ಡಪ್ಪ ಶಾಲೆಗೆ ಹೊತ್ತಾಯಿತೆಂದು ಎಬ್ಬಿಸುತ್ತಿದ್ದಾರೆ ಅಂದುಕೊಂಡೆ. ನೋಡಿದರೆ ಅರವತ್ತರ ಹತ್ತಿರದ, ಸಣಕಲು ಮೈಯ, ಕಿವಿಯ ಮೇಲೆ ಬಿಳಿ ಕೂದಲು ಚಿಗುರಿದ ಅಪರಿಚಿತರು. ನಾನು ಏನಾದರೂ ಹೇಳುವ ಮೊದಲೇ ಇಳಿದು ಹೋಗಿದ್ದರು.

ಮರುದಿನ ನಾನೇ ಮಾತಾಡಿಸಿದೆ. ಅವರದೂ ನಲ್ಲಂಪಳ್ಳಿಯ ಆಚೆಗಿನ ಹಳ್ಳಿ. ಮನೆಯ ಮಾತು ಕನ್ನಡ, ಆದರೆ ಅವರು ಅದನ್ನು ಕನ್ನಡ ಎಂದು ಕರೆದದ್ದನ್ನು ನಾನು ಕೇಳಿಲ್ಲ, "ನಮ್ಮಾತು" ಅನ್ನುತ್ತಿದ್ದರು. ಓದಿದ್ದು ತಮಿಳು ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ. ನನಗೆ ಕನ್ನಡ ಬರೆಯಲು ಬರುತ್ತದೆ ಎಂದಾಗ ಅವರಿಗೆ ನಂಬಿಕೆ ಬರಲಿಲ್ಲ. ಟಿಕೆಟಿನ ಹಿಂದೆ ಅವರ ಹೆಸರು ಬರೆದು ತೋರಿಸಿದೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ನಮ್ಮಾತಿನ ಮೊಕ ಇಂಗೈತಾ?" ಎಂದರು. ಆಮೇಲೆ ಆ ಟಿಕೆಟನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.

ಅವರ ಕೆಲಸ ಸೇಲಂನ ಹಳೇ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಜವಳಿ ಅಂಗಡಿಯಲ್ಲಿ ಲಿಫ್ಟ್ ನಡೆಸುವುದು. ನಾಲ್ಕು ಮಹಡಿಯ ಅಂಗಡಿ. ಕಬ್ಬಿಣದ ಜಾಲರಿ ಬಾಗಿಲಿನ ಹಳೆಯ ಲಿಫ್ಟಿನಲ್ಲಿ ಒಂದು ಸ್ಟೂಲ್ ಹಾಕಿಕೊಂಡು ಇಪ್ಪತ್ತೆಂಟು ವರ್ಷ ಕೂತಿದ್ದರು. ಮದುವೆ ಸೀರೆ ಎರಡನೇ ಮಹಡಿ, ಮಕ್ಕಳ ಬಟ್ಟೆ ಮೂರು. ಬಂದವರ ಮುಖ ನೋಡಿಯೇ ಯಾವ ಮಹಡಿ ಎಂದು ಹೇಳಬಲ್ಲೆ ಅನ್ನುತ್ತಿದ್ದರು. "ದಿನಾ ಪೂರಾ ಜನನ್ನ ಇಳಿಸೋದೇ ನನ್ ಕೆಲ್ಸ. ರೈಲಲ್ಲೂ ಅದೇ ಮಾಡ್ತಿವ್ನಿ" ಎಂದು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಿದ್ದರು.

ಇಷ್ಟು ಮುತುವರ್ಜಿಯಿಂದ ಪರರನ್ನು ಎಬ್ಬಿಸುವ ಮನುಷ್ಯನ ಹಿಂದೆ ಏನೋ ಕಥೆ ಇರಲೇಬೇಕೆಂದು ನನಗೆ ಗುಮಾನಿ. ಯಾವುದೋ ಕಾಲದಲ್ಲಿ ನಿದ್ದೆ ಹೋಗಿ ಏನೋ ದೊಡ್ಡದನ್ನು ಕಳೆದುಕೊಂಡಿರಬೇಕು ಎಂದೆಲ್ಲ ಕಲ್ಪಿಸಿಕೊಂಡಿದ್ದೆ. ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಅವರು ನನ್ನ ಮುಖವನ್ನೇ ನೋಡಿ, ಹಾಗೇನೂ ಇಲ್ಲವಲ್ಲ, ನನಗೆ ಕೂತಲ್ಲಿ ನಿದ್ದೆ ಬರೋದಿಲ್ಲ, ಎಚ್ಚರ ಇದ್ದವನು ಎಬ್ಬಿಸದೆ ಸುಮ್ಮನೆ ಕೂತಿರೋದು ಹೇಗೆ ಎಂದರು. ನನ್ನ ಕಥೆಯೆಲ್ಲ ಅಲ್ಲಿಗೆ ಮುಗಿಯಿತು.

ಆ ಎಚ್ಚರದಿಂದ ಫಜೀತಿಯೂ ಆಗಿತ್ತು. ಓಮಲೂರಿನಲ್ಲಿ ದಿನವೂ ಇಳಿಯುತ್ತಿದ್ದ ದೊಡ್ಡ ಮೀಸೆಯ ಒಬ್ಬರು ಒಂದು ದಿನ ಮಗಳ ಮದುವೆಯ ಬಟ್ಟೆ ತರಲು ಸೇಲಂಗೆ ಹೊರಟಿದ್ದರು. ಮಾದಯ್ಯಣ್ಣ ಪದ್ಧತಿಯಂತೆ ಎರಡು ಬೆರಳಿಟ್ಟು, "ಓಮಲೂರ್ ವಂದಾಚ್ಚು" ಎಂದರು, ಓಮಲೂರು ಬಂತು ಎಂದು. ಆ ಮನುಷ್ಯ ಅರೆನಿದ್ದೆಯಲ್ಲೇ ಎದ್ದು ಇಳಿದು ಹೋದರು. ರೈಲು ಹೊರಟ ಮೇಲೆ ನೋಡಿದರೆ, ಎದುರು ಸೀಟಿನಲ್ಲಿ ಕೂತಿದ್ದ ಅವರ ಹೆಂಡತಿ ಆಗಷ್ಟೇ ಕಣ್ಣುಜ್ಜುತ್ತ ಎದ್ದು ಗಂಡನನ್ನು ಹುಡುಕುತ್ತಿದ್ದಾರೆ. ಮಾದಯ್ಯಣ್ಣ ಆಕೆಯನ್ನು ಸೇಲಂನಲ್ಲಿ ತಮ್ಮ ಅಂಗಡಿಗೇ ಕರೆದುಕೊಂಡು ಹೋಗಿ, ಸ್ಟೂಲ್ ಮೇಲೆ ಕೂರಿಸಿ, ಗಂಡ ಬಸ್ಸಿನಲ್ಲಿ ಬಂದು ತಲುಪುವವರೆಗೆ ಲಿಫ್ಟಿನಲ್ಲೇ ಮೇಲೆ ಕೆಳಗೆ ಸುತ್ತಿಸಿದರಂತೆ. ಅಂದಿನಿಂದ ಯಾರೇ ತಲೆ ವಾಲಿಸಲಿ, ಅದಕ್ಕೆ ಮೊದಲು ಇವತ್ತು ಎಲ್ಲಿಗೆ ಎಂದು ಕೇಳಿಕೊಂಡುಬಿಡುತ್ತಿದ್ದರು.

ನಾವಿಬ್ಬರೂ ಮಾತಾಡಲು ಕೂತರೆ ಪಕ್ಕದವರು ಕಿವಿ ನಿಗುರಿಸುತ್ತಿದ್ದರು. ಒಬ್ಬಳು ಕಾಲೇಜು ಹುಡುಗಿ, "ನೀಂಗ ತೆಲುಂಗಾ?" ಎಂದು ಕೇಳಿದ್ದಳು. ಮಾದಯ್ಯಣ್ಣನಿಗೆ ಅದರಿಂದ ಬೇಸರವೇನಿಲ್ಲ. ಬೇಸರ ಇದ್ದದ್ದು ಮಗ ಶಿವಕುಮಾರನ ವಿಷಯದಲ್ಲಿ, ಅದೂ ತುಸುವೇ. ತಾಯಿ ಇರುವವರೆಗೆ ಮನೆಯಲ್ಲಿ ನಮ್ಮಾತು ಇತ್ತಂತೆ. ಆಕೆ ಹೋದ ಮೇಲೆ ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆ ಮಗ ತಮಿಳಿನಲ್ಲಿ ಉತ್ತರ ಕೊಡುವುದು ರೂಢಿಯಾಯಿತು. ಅರ್ಥ ಆಗುತ್ತದಲ್ಲ, ಬಿಡು ಎಂದು ತಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದರು. ಆ ಮಗ ಸೇಲಂನಲ್ಲಿ ಟೌನ್ ಬಸ್ ಕಂಡಕ್ಟರ್. ತಾನೇ ಮೆಚ್ಚಿದ ಸೆಲ್ವಿ ಎಂಬ ತಮಿಳು ಹುಡುಗಿಯನ್ನು ಮದುವೆಯಾಗಿ ಅಲ್ಲೇ ಮನೆ ಮಾಡಿದ. ಮದುವೆಯ ಮರುವಾರ ಮಾದಯ್ಯಣ್ಣ ಇಡೀ ಬೋಗಿಗೆ ಮೈಸೂರ್‌ಪಾಕ್ ಹಂಚಿದರು. ಸೊಸೆ ಹೇಗಿದ್ದಾಳೆ ಎಂದರೆ, ಒಳ್ಳೆಯ ಹುಡುಗಿ, ಆದರೆ ಅವಳ ಎದುರಿಗೆ ನನಗೆ ಮಾತೇ ಹೊರಡುವುದಿಲ್ಲ ಎಂದು ನಾಚಿಕೊಂಡಿದ್ದರು. ಬೋಗಿ ತುಂಬಾ ತಮಿಳಿನಲ್ಲಿ ಹರಟುವ ಮನುಷ್ಯ ಮಗನ ಮನೆಗೆ ಹೋದರೆ ಕಾಫಿ ಕುಡಿದು, ಲೋಟ ತೊಳೆದಿಟ್ಟು, ಬರ್ತೀನಿ ಎಂದು ಎದ್ದು ಬಂದುಬಿಡುತ್ತಿದ್ದರಂತೆ.

ಈಗ ಹೇಳಬೇಕಾದದ್ದು ನನ್ನ ಮರ್ಯಾದೆ ಹೆಚ್ಚಿಸುವ ಸಂಗತಿಯಲ್ಲ. ಆದರೆ ಅದನ್ನು ಬಿಟ್ಟರೆ ಮಾದಯ್ಯಣ್ಣನನ್ನು ಕುರಿತು ಬರೆದಂತಾಗುವುದಿಲ್ಲ.

ನಾನು ಕೆಲಸಕ್ಕೆ ಸೇರಿ ನಾಲ್ಕನೇ ವರ್ಷಕ್ಕೆ ಅಮ್ಮ ತೀರಿಕೊಂಡಳು. ಅಮ್ಮನಿಗೆ ಬರೆಯಲು ಬಾರದು. ತಮ್ಮನ ಫೋನಿನಿಂದ ನನಗೆ ಮಾತು ರೆಕಾರ್ಡು ಮಾಡಿ ಕಳಿಸುತ್ತಿದ್ದಳು. ಎಮ್ಮೆ ಕರು ಹಾಕಿತು, ಹುರುಳಿಕಾಳು ಕಳಿಸಿದ್ದೇನೆ, ಮಗುವಿಗೆ ನೆಗಡಿ ಹೋಯಿತಾ, ಅಷ್ಟೇ ಮಾತುಗಳು. ಅವೆಲ್ಲ ನನ್ನ ಫೋನಿನಲ್ಲಿದ್ದವು. ಬೇರೆ ಕಡೆ ಉಳಿಸಿಡಬೇಕೆಂದು ನೂರು ಸಲ ಅಂದುಕೊಂಡಿದ್ದೆ, ಮಾಡಿರಲಿಲ್ಲ. ಅಮ್ಮ ಹೋದ ಮೇಲೆ ದಿನಾ ರೈಲು ಹತ್ತಿದ ಕೂಡಲೇ ಒಂದನ್ನು ಕೇಳಿ ಆಮೇಲೆ ಕಣ್ಣು ಮುಚ್ಚುತ್ತಿದ್ದೆ.

ಆ ದಿನ ರೈಲು ಹತ್ತುವಾಗ ಮಳೆಹನಿ. ಪ್ಲಾಟ್‌ಫಾರಮ್ಮಿನಲ್ಲೇ ನೆನೆದ ಸೆರಗು ಹಿಂಡಿ, ಹತ್ತಿ ಕೂತವಳಿಗೆ ಅಮ್ಮನ ದನಿ ಕೇಳುವ ಮೊದಲೇ ಜೊಂಪು ಹತ್ತಿತು. ಓಮಲೂರು ಸಮೀಪಿಸುವಾಗ ಎಚ್ಚರವಾಗಿ ಚೀಲಕ್ಕೆ ಕೈ ಹಾಕಿದರೆ ಫೋನ್ ಇಲ್ಲ. ಚೀಲ ಬರಿದು ಮಾಡಿದೆ, ಸೀಟಿನ ಕೆಳಗೆ ಬಗ್ಗಿ ನೋಡಿದೆ. ಇಲ್ಲ. ಎದುರಿಗೆ ಕೂತಿದ್ದ ಮನುಷ್ಯ ಇಳಿಯಲು ಎದ್ದು ತನ್ನ ಗೋಣಿಚೀಲ ಹೆಗಲಿಗೇರಿಸುತ್ತಿದ್ದ. ಉತ್ತರದ ಯಾವುದೋ ಊರಿನಿಂದ ಕಟ್ಟಡದ ಕೆಲಸಕ್ಕೆ ಬಂದವನು, ನಲವತ್ತರ ಆಸುಪಾಸು, ಬೆರಳ ಸಂದಿಯಲ್ಲೆಲ್ಲ ಸಿಮೆಂಟು. ನನ್ನ ಫೋನು ಹೋಯಿತು ಎಂದು ನಾನು ಅಳುದನಿಯಲ್ಲಿ ಹೇಳುತ್ತಿದ್ದಂತೆ ಯಾರೋ ಒಬ್ಬರು, ಪಕ್ಕದಲ್ಲಿ ಯಾರಿದ್ದರು ಎಂದು ಕೇಳಿದರು. ನಾನು ಕೈ ಎತ್ತಿ ಅವನನ್ನು ತೋರಿಸಿದೆ. ಕಳ್ಳ ಎಂದು ನಾನು ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ಒಬ್ಬ ಅವನ ಕೊರಳಪಟ್ಟಿ ಹಿಡಿದ. ಇನ್ನೊಬ್ಬ ಗೋಣಿಚೀಲವನ್ನು ತಲೆಕೆಳಗೆ ಮಾಡಿ ಕೊಡವಿದ. ಒಂದು ಸ್ಟೀಲಿನ ತಟ್ಟೆ, ಒಂದು ಜೊತೆ ಬಟ್ಟೆ, ಗಾರೆ ಕೆಲಸದ ಕರಣೆ, ಪ್ಲಾಸ್ಟಿಕ್ ಕವರಿನಲ್ಲಿ ಮಡಿಕೆ ಬಿಚ್ಚದ ಹಸಿರು ಸೀರೆ ನೆಲಕ್ಕೆ ಬಿದ್ದವು. ಅವನ ಜೇಬಿನಲ್ಲಿದ್ದದ್ದು ಅವನದೇ ಗುಂಡಿ ಒತ್ತುವ ಹಳೇ ಫೋನು. ಹಿಂದಿನ ಸ್ಟೇಷನ್ನಿನಲ್ಲಿ ಜೊತೆಗಾರನ ಕೈಗೆ ದಾಟಿಸಿರುತ್ತಾನೆ ಎಂದು ಒಬ್ಬರು ಅಂದರು, ಎಲ್ಲರೂ ಹೌದು ಅಂದರು. ಅವನು ತನ್ನ ಭಾಷೆಯಲ್ಲಿ ಏನೋ ಹೇಳುತ್ತಲೇ ಇದ್ದ. ಪೊಲೀಸಿನವನು ಅವತ್ತು ಬಂದಿರಲಿಲ್ಲ. ಕೊರಳಪಟ್ಟಿ ಹಿಡಿದವನು ಇನ್ನೊಂದು ಕೈ ಎತ್ತಿದ. ನನಗೆ ಬೇಡ ಅನ್ನಬೇಕೆನ್ನಿಸಿತೇ? ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೆ ಫೋನು ಬೇಕಿತ್ತು, ಅಷ್ಟೇ.

ಆಗ ಮಾದಯ್ಯಣ್ಣ ಬಾಗಿಲ ಬಳಿಯಿಂದ ಎದ್ದು ಬಂದರು. ಎತ್ತಿದ ಆ ಕೈಯ ಮೇಲೆ ತಮ್ಮ ಎರಡು ಬೆರಳಿಟ್ಟರು.

"ನಾನ್ ಪಾತ್ತುಕ್ಕಿಟ್ಟೇ ಇರುಂದೇನ್" ಎಂದರು. ನಾನು ನೋಡುತ್ತಲೇ ಇದ್ದೆ ಎಂದು. ಶಿವಾಡಿಯಿಂದ ಇಲ್ಲಿಯವರೆಗೆ ಈ ಮನುಷ್ಯ ಕೂತ ಜಾಗ ಬಿಟ್ಟು ಏಳಲಿಲ್ಲ, ಆಯಮ್ಮನ ಚೀಲದ ಕಡೆ ಕೈ ಚಾಚಲಿಲ್ಲ, ಇವನ ಬಳಿಗೆ ಯಾರೂ ಬರಲಿಲ್ಲ ಎಂದು ಒಂದೊಂದನ್ನೇ ಸಾವಧಾನವಾಗಿ ತಮಿಳಿನಲ್ಲಿ ಹೇಳಿದರು. ಬೇರೆ ಯಾರು ಹೇಳಿದ್ದರೂ ಆ ಜನ ಕೇಳುತ್ತಿದ್ದರೋ ಇಲ್ಲವೋ. ಆದರೆ ಈ ಬೋಗಿಯಲ್ಲಿ ಕಣ್ಣು ಬಿಟ್ಟುಕೊಂಡಿರುವ ಮನುಷ್ಯ ಯಾರು ಎಂದು ಎಲ್ಲರಿಗೂ ಗೊತ್ತಿತ್ತು. ಕೊರಳಪಟ್ಟಿಯ ಹಿಡಿತ ಸಡಿಲಾಯಿತು. ಯಾರೂ ತಪ್ಪಾಯಿತು ಎನ್ನಲಿಲ್ಲ, ಅವರವರ ಜಾಗಕ್ಕೆ ಹೋಗಿ ಕೂತರು.

ರೈಲು ಓಮಲೂರಿನಲ್ಲಿ ನಿಂತಿತು. ನೆಲದ ಮೇಲಿದ್ದ ಸಾಮಾನನ್ನು ಮಾದಯ್ಯಣ್ಣನೇ ಬಗ್ಗಿ ಗೋಣಿಚೀಲಕ್ಕೆ ತುಂಬಿದರು. ಸೀರೆಯ ಕವರಿಗೆ ಯಾರದೋ ಚಪ್ಪಲಿಯ ಕೆಸರು ಮೆತ್ತಿತ್ತು. ಅದನ್ನು ತಮ್ಮ ತೋಳಿಗೆ ಒರೆಸಿ ಒಳಗಿಟ್ಟರು. ಅವನ ಜೊತೆ ತಾವೂ ಇಳಿದರು. ಕಿಟಕಿಯಿಂದ ನೋಡಿದೆ, ಇಬ್ಬರೂ ಪ್ಲಾಟ್‌ಫಾರಮ್ಮಿನ ನಲ್ಲಿಯ ಕಡೆ ನಡೆಯುತ್ತಿದ್ದರು. ರೈಲು ಹೊರಟಿತು. ಮಾದಯ್ಯಣ್ಣ ಹತ್ತಲಿಲ್ಲ. ಅಷ್ಟು ವರ್ಷದಲ್ಲಿ ಲಿಫ್ಟಿಗೆ ತಡವಾಗಿ ಹೋಗಿದ್ದು ಅದೇ ಮೊದಲಂತೆ, ಮ್ಯಾನೇಜರ್ ಎಲ್ಲರ ಎದುರು ಬೈದನಂತೆ. ಅದು ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ.

ಸಂಜೆ ಶಿವಾಡಿಯಲ್ಲಿ ಇಳಿದಾಗ ನನ್ನ ಗಂಡ ಫೋನನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಬೆಳಿಗ್ಗೆ ಸೆರಗು ಹಿಂಡುವಾಗ ಪ್ಲಾಟ್‌ಫಾರಮ್ಮಿನ ಸಿಮೆಂಟ್ ಬೆಂಚಿನ ಮೇಲೆ ಇಟ್ಟು ಮರೆತು ರೈಲು ಹತ್ತಿದ್ದೆ. ಸ್ಟೇಷನ್ ಗುಡಿಸುವ ಹೆಂಗಸು ಎತ್ತಿಟ್ಟು, ಇವರು ಮಾಡಿದ ಕರೆಗೆ ಉತ್ತರ ಕೊಟ್ಟಿದ್ದಳು. ಮನೆಗೆ ಹೋಗಿ ಅಮ್ಮನ ದನಿ ಹಾಕಿದೆ. ಹುರುಳಿಕಾಳು ಕಳಿಸಿದ್ದೇನೆ ಎಂದಳು ಅಮ್ಮ. ಪೂರ್ತಿ ಕೇಳಲಾಗಲಿಲ್ಲ, ನಿಲ್ಲಿಸಿದೆ.

ಮರುದಿನ ಮಾದಯ್ಯಣ್ಣನ ಪಕ್ಕ ಕೂತು ನಡೆದದ್ದನ್ನು ಹೇಳಿದೆ. ನೀವು ಕಣ್ಣಾರೆ ನೋಡಿದ್ದು ಎಷ್ಟು ಒಳ್ಳೆಯದಾಯಿತು, ಇಲ್ಲದಿದ್ದರೆ ನನ್ನಿಂದ ಎಂಥ ಪಾಪ ಆಗುತ್ತಿತ್ತು ಎಂದೆ. ರೈಲು ತೊಪ್ಪೂರಿನ ತಿರುವಿನಲ್ಲಿ ನಿಧಾನವಾಗಿ ಏದುತ್ತಿತ್ತು. ಅವರು ತೊಡೆಯ ಮೇಲಿನ ಛತ್ರಿಯನ್ನು ಪಕ್ಕಕ್ಕೆ ಎತ್ತಿಟ್ಟರು.

"ನಿನ್ನೆ ನಾನೂ ನಿದ್ದೆ ಓಗ್ಬುಟ್ಟಿದ್ದೆ ಕಣವ್ವ" ಎಂದರು ಆಮೇಲೆ.

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಎರಡು ದಿನದ ಹಿಂದೆ ಅವರಿಗೆ ಸೀನು ವಿಪರೀತವಾಗಿದ್ದಾಗ ನಾನೇ ಒಂದು ಮಾತ್ರೆ ಕೊಟ್ಟಿದ್ದೆ, ಮಲಗುವ ಮುಂಚೆ ನುಂಗಿ ಎಂದು ಹೇಳಿ. ಅವರು ಅದನ್ನು ಮರೆತು ಬೆಳಿಗ್ಗೆ ರೈಲಿಗೆ ಹೊರಡುವಾಗ ನುಂಗಿದ್ದರು. ಶಿವಾಡಿ ದಾಟಿದ್ದು ಗೊತ್ತು, ಆಮೇಲೆ ಗದ್ದಲ ಕೇಳಿಯೇ ಎಚ್ಚರವಾದದ್ದು. ಆ ಮನುಷ್ಯ ಎದ್ದನೋ ಕೂತನೋ, ಯಾರು ಬಂದರೋ ಹೋದರೋ, ಅವರು ಏನನ್ನೂ ನೋಡಿರಲಿಲ್ಲ.

ಹಾಗಾದರೆ ಅವನೇ ಕದ್ದಿದ್ದರೆ ಎಂದು ಕೇಳಿದೆ. ನನ್ನ ದನಿಯಲ್ಲಿ ಸಣ್ಣ ಸಿಟ್ಟೂ ಇತ್ತೆಂದು ಕಾಣುತ್ತದೆ.

"ಕದ್ದಿದ್ರೆ ನಿನ್ ಪೋನು ಓಗಿರೋದು. ನಿಮ್ಮವ್ವನ ಮಾತು ಅದ್ರಲ್ಲಿತ್ತು, ನಂಗೊತ್ತು, ನಾನೂ ಅದ್ನೇ ನೆನಸ್ದೆ" ಎಂದರು. "ಆದ್ರೆ ಅವ್ನ ಮೈ ಮ್ಯಾಲೆ ಏಟು ಬಿದ್ದಿದ್ರೆ, ಅವ್ನು ಕದ್ದಿರ್ಲಿ ಬುಡ್ಲಿ, ನೀನು ಆ ಕಿಟಕಿ ತಾವ ದಿನಾ ಎಂಗೆ ಕುಂತ್ಕೋತಿದ್ದೆ? ನಿಮ್ಮವ್ವನ ಮಾತು ಎಂಗೆ ಕೇಳ್ತಿದ್ದೆ?"

ಅಲ್ಲಿಯವರೆಗೆ ನಾನು ಅವರು ಆ ಕೆಲಸದವನನ್ನು ಕಾಪಾಡಿದರು ಎಂದೇ ತಿಳಿದಿದ್ದೆ. ತಾವು ಎಚ್ಚರವಿರುತ್ತಾರೆಂಬ ಒಂದೇ ಒಂದು ನಂಬಿಕೆಯನ್ನು ಆ ಬೋಗಿಯಲ್ಲಿ ವರ್ಷಗಟ್ಟಲೆ ಗಳಿಸಿಕೊಂಡಿದ್ದ ಮನುಷ್ಯ, ಅದನ್ನು ಒಂದು ಸುಳ್ಳಿಗೆ ಒತ್ತೆಯಿಟ್ಟು ನಮ್ಮಿಬ್ಬರನ್ನೂ ಉಳಿಸಿದ್ದರು. ಆಮೇಲೆ ತಿಂಗಳುಗಟ್ಟಲೆ ಓಮಲೂರು ಬಂದಾಗಲೆಲ್ಲ ನಾನು ಎದ್ದು ಕೂತು ಪ್ಲಾಟ್‌ಫಾರಮ್ ನೋಡುತ್ತಿದ್ದೆ. ಆ ಮನುಷ್ಯ ಮತ್ತೆ ಕಾಣಲಿಲ್ಲ. ಅವನಿಗೆ ಹೇಳಬೇಕಾದ ಮಾತು ಇನ್ನೂ ನನ್ನಲ್ಲೇ ಇದೆ.

ಅದಾದ ಮೇಲೆ ಅವರ ಜೊತೆ ಇನ್ನೂ ಎರಡು ವರ್ಷ ಹೀಗೇ ಕಳೆಯಿತು. ಜವಳಿ ಅಂಗಡಿಯವರು ಹೊಸ ಲಿಫ್ಟ್ ಹಾಕಿಸಿದರು. ಗುಂಡಿ ಒತ್ತಿದರೆ ಅದೇ ಯಾವ ಮಹಡಿ ಎಂದು ಹೆಣ್ಣುದನಿಯಲ್ಲಿ ಹೇಳುತ್ತದಂತೆ, ಚೆನ್ನಾಗೇ ಹೇಳುತ್ತದಂತೆ. ಮಾದಯ್ಯಣ್ಣ ಮನೆಯಲ್ಲಿ ಉಳಿದರು. ಆಗಾಗ ಫೋನು ಮಾಡಿ ಯಾರ್ಯಾರು ಬಂದಿದ್ದಾರೆ ಎಂದು ವಿಚಾರಿಸುತ್ತಿದ್ದರು. ಒಂದು ದಿನ ಅವರ ನಂಬರಿನಿಂದ ಮಗ ಮಾತಾಡಿದ. ಅಪ್ಪನಿಗೆ ಪಾರ್ಶ್ವವಾಯು ಹೊಡೆದಿದೆ, ಆಸ್ಪತ್ರೆಯಿಂದ ತಂದು ಸೇಲಂನ ಮನೆಯಲ್ಲಿ ಇಟ್ಟುಕೊಂಡಿದ್ದೇವೆ ಎಂದ.

ಭಾನುವಾರ ನೋಡಲು ಹೋದೆ. ಅದೇ ನಾನು ಅವರನ್ನು ನೋಡಿದ ಕೊನೆಯ ಸಲ; ಅದಾಗಿ ಇಪ್ಪತ್ತು ದಿನಕ್ಕೆ ಹೋಗಿಬಿಟ್ಟರು.

ಎರಡು ಕೋಣೆಯ ಬಾಡಿಗೆ ಮನೆ. ಶಿವಕುಮಾರ ಡ್ಯೂಟಿಗೆ ಹೋಗಿದ್ದ. ಸೆಲ್ವಿ ಬಾಗಿಲು ತೆರೆದಳು. ಏಳು ತಿಂಗಳ ಬಸುರಿ, ಕಣ್ಣಿನ ಸುತ್ತ ಕಪ್ಪು. ಒಳಗೆ ಮಂಚದ ಮೇಲೆ ಮಾದಯ್ಯಣ್ಣ ಒಂದು ಪಕ್ಕಕ್ಕೆ ವಾಲಿ ಮಲಗಿದ್ದರು, ಬಲಗೈ ಸೋತು ಬಿದ್ದಿತ್ತು. ಅಂಗಿಯ ಮೇಲಿನ ಗುಂಡಿ ಮಾತ್ರ ಹಾಕಿತ್ತು. ಅದು ಇಲ್ಲದಿದ್ದರೆ ಅವರಿಗೆ ಆಗುವುದಿಲ್ಲ ಎಂದು ಅವಳು ಹೇಗೋ ಕಂಡುಕೊಂಡಿದ್ದಳು. ನನ್ನನ್ನು ಗುರುತಿಸಿ ಮುಖದ ಒಂದು ಅರ್ಧದಲ್ಲಿ ನಕ್ಕರು.

ಸೆಲ್ವಿ ನನ್ನನ್ನು ಅಡುಗೆಮನೆಗೆ ಕರೆದು ತಮಿಳಿನಲ್ಲಿ ತನ್ನ ಕಷ್ಟ ಹೇಳಿಕೊಂಡಳು. ಈ ಏಟಿಗೆ ಮಾವನಿಗೆ ತಮಿಳು ಹೊರಟೇ ಹೋಗಿದೆ. ಕೆಲವರಿಗೆ ಹೀಗಾಗುತ್ತದೆ, ಮೊದಲು ಕಲಿತ ಮಾತೊಂದೇ ಉಳಿದುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ನಾವು ಹೇಳಿದ್ದು ಅವರಿಗೆ ತಿಳಿಯುವಂತಿದೆ, ಆದರೆ ಬಾಯಿಂದ ಬರುವುದು ನಿಮ್ಮ ಮಾತು ಮಾತ್ರ, ಅದೂ ತೊದಲು. ಗಂಡ ಸಂಜೆ ಬರುವ ಹೊತ್ತಿಗೆ ಸುಸ್ತಾಗಿ ಅವರು ಬಾಯಿಯೇ ಬಿಡುವುದಿಲ್ಲ. ಹಗಲು ಪೂರ್ತಿ ನನ್ನ ಹತ್ತಿರ ತಣ್ಣಿ ತಣ್ಣಿ ಎನ್ನುತ್ತಾರೆ. ತಣ್ಣಿ ಎಂದರೆ ತಮಿಳಿನಲ್ಲಿ ನೀರು. ಅದೊಂದೇ ತಮಿಳು ಮಾತು ಉಳಿದಿದೆ ಅಂದುಕೊಂಡು ಓಡಿ ಹೋಗಿ ನೀರು ತರುತ್ತೇನೆ. ತಂದರೆ ಲೋಟವನ್ನು ತಳ್ಳಿ ಮುಖ ತಿರುಗಿಸುತ್ತಾರೆ. ಕಾಯಿಸಿ ತಂದೆ, ಆರಿಸಿ ತಂದೆ, ಕ್ಯಾನ್ ನೀರು ತಂದೆ. ಯಾವುದೂ ಬೇಡ. ಮೊದಲಿನಿಂದಲೂ ಅವರು ನನ್ನ ಹತ್ತಿರ ಮಾತಾಡಿದವರಲ್ಲ. ನನ್ನ ಕೈ ನೀರು ಅವರಿಗೆ ಬೇಡವೇನೋ.

ಇಷ್ಟು ಹೇಳಿ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ನನಗೆಂದು ಸುರಿದಿದ್ದ ಕಾಫಿ ಎತ್ತಿಕೊಂಡಳು.

ನಾನು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ಬೋಗಿಯ ಸುದ್ದಿ ಹೇಳತೊಡಗಿದೆ. ಟೀಚರಮ್ಮ ರಿಟೈರಾದರು, ಮೀಸೆಯವರಿಗೆ ಮೊಮ್ಮಗಳು ಹುಟ್ಟಿದಳು. ಅವರು ಕೇಳುತ್ತಿದ್ದರು, ಆದರೆ ಕಣ್ಣು ಸೆಲ್ವಿಯ ಹಿಂದೆಯೇ ಓಡಾಡುತ್ತಿತ್ತು. ಅವಳು ಒಗೆದ ಬಟ್ಟೆಯ ಬಕೆಟ್ಟನ್ನು ಹಿತ್ತಲಿನಿಂದ ತಂದಳು, ಕುಕ್ಕರ್ ಇಳಿಸಿದಳು, ಸೊಂಟಕ್ಕೆ ಕೈಕೊಟ್ಟು ಗೋಡೆಗೆ ಒಂದು ಗಳಿಗೆ ಒರಗಿ ನಿಂತು ಮತ್ತೆ ಪೊರಕೆ ತೆಗೆದುಕೊಂಡಳು. ಆಗ ಮಾದಯ್ಯಣ್ಣನ ಬಾಯಿ ಅಲುಗಿತು. ಎಡಗೈಯನ್ನು ಮಂಚದ ಮೇಲೆ ಎರಡು ಸಲ ಬಡಿದರು. ತುಂಬ ಕಷ್ಟಪಟ್ಟು, ಒಂದೊಂದು ಅಕ್ಷರವನ್ನೂ ತಳ್ಳಿಕೊಂಡು ಅದೇ ಮಾತು ಹೇಳಿದರು.

ಸೆಲ್ವಿ ಪೊರಕೆ ಬಿಟ್ಟು ಒಳಗೆ ಓಡಿದಳು. ಲೋಟದ ತುಂಬ ನೀರು ತಂದು ಹಿಡಿದಳು. ಅವರು ಅದನ್ನು ತಳ್ಳಿದರು, ಮುಖ ತಿರುಗಿಸಿದರು. ಕಣ್ಣಿನಲ್ಲಿ ನೀರಿತ್ತು. ಅವಳು ನನ್ನ ಕಡೆ ನೋಡಿದಳು, ನೋಡಿದಿರಾ ಎಂಬಂತೆ.

ನಾನು ಅವರ ಬಾಯಿಯ ಹತ್ತಿರ ಕಿವಿ ಒಯ್ದು, ಇನ್ನೊಂದು ಸಲ ಹೇಳಿ ಅಣ್ಣ ಎಂದೆ. ಅವರು ಉಸಿರು ಕೂಡಿಸಿಕೊಂಡು ಮತ್ತೆ ಹೇಳಿದರು.

"ದಣಿ... ದಣಿವಾರಿಸ್ಕೊ, ಮಗ."

ಸೆಲ್ವಿಗೆ ಅದನ್ನು ತಮಿಳಿನಲ್ಲಿ ಹೇಳಲು ನನಗೂ ಒಂದು ನಿಮಿಷ ಬೇಕಾಯಿತು. ಅವರು ಅನ್ನುತ್ತಿರುವುದು ತಣ್ಣಿ ಅಲ್ಲ, ದಣಿ; ನೀರು ಕೇಳುತ್ತಿಲ್ಲಮ್ಮ, ಎಂದೆ. ನಿನ್ನನ್ನು ನೋಡಿಯೇ ಹೇಳುತ್ತಿದ್ದಾರೆ. ಸಾಕು, ಸ್ವಲ್ಪ ಕೂತುಕೊ, ಆಯಾಸ ಕಳೆದುಕೊ ಅನ್ನುತ್ತಿದ್ದಾರೆ. ಮಗ ಅಂದರೆ ನೀನೇ, ಹೆಣ್ಣುಮಕ್ಕಳನ್ನೂ ನಾವು ಹಾಗೇ ಕರೆಯುವುದು.

ಎಷ್ಟು ದಿನದಿಂದ ಇದನ್ನೇ ಹೇಳುತ್ತಿದ್ದಾರೆ, ಎಂದು ಕೇಳಿದಳು ಅವಳು. ಅದು ಅವಳು ನನಗೆ ಹೇಳಬೇಕಾದ ಲೆಕ್ಕ.

ಸೆಲ್ವಿ ಮಂಚದ ಕಾಲಿನ ಬಳಿ ನೆಲದ ಮೇಲೆ, ಒಂದು ಕೈ ಊರಿ ನಿಧಾನವಾಗಿ ಕೂತಳು. ಬೆನ್ನನ್ನು ಗೋಡೆಗೆ ಕೊಟ್ಟಳು, ಕಾಲು ಚಾಚಿದಳು. ಮಾದಯ್ಯಣ್ಣ ತಲೆ ತಿರುಗಿಸಿ ಅವಳು ಸರಿಯಾಗಿ ಕೂತಳೇ ಎಂದು ನೋಡಿದರು. ಲೋಟ ಇನ್ನೂ ಅವಳ ಕೈಯಲ್ಲೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಅದನ್ನು ಎತ್ತಿ, ಆ ನೀರನ್ನು ತಾನೇ ಪೂರ್ತಿ ಕುಡಿದಳು.